ಪಲ್ಲವಿಯೇ ಇಲ್ಲದ ಹಾಡಿನಿಂದ ಪಲ್ಲವಿಯದೇ ಹಾಡಿಗೆ

ಪ್ರಶ್ನೆ: ಅರವತ್ತರ ದಶಕದಲ್ಲಿ, ಮತ್ತಿನ ಭ್ರಮಾಲೋಕವನ್ನು ಸಂಗೀತವಾಗಿಸುವ ಸೈಕೆಡೆಲಿಕ್ ರಾಕ್‌ಗೆ ಹೆಸರಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡೇ ಮುಂದೆ ಸ್ಟಾರ್‌ಶಿಪ್ ಎನಿಸಿಕೊಂಡು ‘ವಿ ಬಿಲ್ಟ್ ದಿಸ್ ಸಿಟಿ’ಯಂತಹ ಪಾಪ್ ಗೀತೆಯನ್ನು ಹಾಡಿತೆಂದು ತಿಳಿದು ಅಚ್ಚರಿಯಾಯಿತು. ಅವರು ಹಣದಾಸೆಗೆ ತಮ್ಮತನವನ್ನು ಮಾರಿಕೊಂಡರೆನ್ನಬಹುದೆ?

ಉತ್ತರ: ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಜನಪ್ರಿಯತೆ ಈ ಬ್ಯಾಂಡಿಗೆ ಹೊಸದಾಗಿರಲಿಲ್ಲ. 1967ರಲ್ಲೇ ಅದರ ಎರಡು ಹಾಡುಗಳು ಅಮೆರಿಕದ ಮೊದಲ ಹತ್ತರ ಪಟ್ಟಿಯನ್ನು ಸೇರಿದ್ದವು. ಅವುಗಳಲ್ಲೊಂದಾದ ‘ವೈಟ್ ರ‍್ಯಾಬಿಟ್’ಗೆ ಒಮ್ಮೆ ಕಿವಿಗೊಡಿ. ಮೊದಲು ಬೇಸ್ ಗಿಟಾರ್ ಮೆಲ್ಲನೆ ಹೆಜ್ಜೆಯಿಡುತ್ತದೆ, ಅದರ ಬೆನ್ನಿಗೇ ಸೈನಿಕರ ನಡಿಗೆಯನ್ನು ನೆನಪಿಸುವ ಡ್ರಮ್ ಕೇಳಿಸುತ್ತದೆ, ತಗ್ಗುದನಿಯಲ್ಲಿ ತೊಡಗುವ ಬ್ಯಾಂಡಿನ ಗಾಯಕಿ ಗ್ರೇಸ್ ಸ್ಲಿಕ್ ಎಲ್ಲಿಯೂ ಹಿಂದಿರುಗದೆ ಏರುತ್ತಲೇ ಹೋಗುತ್ತಾರೆ. ಎರಡೂವರೆ ನಿಮಿಷದಲ್ಲಿ, ದನಿ ತುತ್ತತುದಿ ಮುಟ್ಟಿದಲ್ಲೇ ಹಾಡು ಮುಗಿಯುತ್ತದೆ. ಅದರಲ್ಲಿ ಮರಳಿ ಮರಳಿ ಬರುವ ಪಲ್ಲವಿಯೇ ಇಲ್ಲ. ಬರೆದವರೂ ಸ್ಲಿಕ್ ಅವರೇ.

1985ರ ‘ವಿ ಬಿಲ್ಟ್ ದಿಸ್ ಸಿಟಿ’ಯಾದರೋ ಪಲ್ಲವಿಯಿಂದಲೇ ಆರಂಭವಾಗಿ, ಸಿಂಥಸೈಜರ್‌ಗಳ ಹೊಳಪಿನ ನಡುವೆ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ. ಅದನ್ನು ಮೊದಲು ರಚಿಸಿದ ಬರ್ನಿ ಟಾಪಿನ್ ಮತ್ತು ಮಾರ್ಟಿನ್ ಪೇಜ್ ಇಬ್ಬರೂ ಬ್ಯಾಂಡಿನ ಹೊರಗಿನವರು. ನನ್ನ ದೃಷ್ಟಿಯಲ್ಲಿ ನಿಜವಾದ ಬದಲಾವಣೆ ಇದೇ: ಒಳಗಿನವರು ತಮಗೆ ಹೇಳಬೇಕೆನಿಸಿದ್ದನ್ನು ಹಾಡಾಗಿಸುವುದು ನಿಂತು, ಹೊರಗಿನಿಂದ ಬಂದ ಹಾಡಿಗೆ ದನಿಗೂಡಿಸುವುದು ಮೊದಲಾಯಿತು.

ಪಾಪ್‌ನ ಇಂಪು ತಾನಾಗಿಯೇ ದೋಷವಲ್ಲ. 1974ರಲ್ಲಿ ಜೆಫರ್ಸನ್ ಸ್ಟಾರ್‌ಶಿಪ್ ಎಂದು ಹೊಸ ಹೆಸರು ಪಡೆದ ಬ್ಯಾಂಡಿಗೆ, ಮೂಲ ಸದಸ್ಯ ಮಾರ್ಟಿ ಬ್ಯಾಲಿನ್ 1975ರಲ್ಲಿ ಬರೆದುಕೊಟ್ಟ ‘ಮಿರಕಲ್ಸ್’ ಮೂರನೆಯ ಸ್ಥಾನಕ್ಕೇರಿದ ಮೃದುವಾದ ಪ್ರೇಮಗೀತೆ. ಆದರೂ ಅದರಲ್ಲಿ ಬರೆದವರ ಉಸಿರು ಕೇಳಿಸುತ್ತದೆ, ನನಗದು ಇಂದಿಗೂ ಪ್ರಿಯ.

ಇನ್ನು ಮಾರಿಕೊಂಡವರು ಯಾರು ಎಂಬ ಪ್ರಶ್ನೆ. ಬ್ಯಾಂಡ್ ವ್ಯಾಪಾರದ ದಾರಿ ಹಿಡಿಯಿತೆಂದು ಬೇಸತ್ತ ಸ್ಥಾಪಕ ಪಾಲ್ ಕ್ಯಾಂಟ್ನರ್ 1984ರಲ್ಲಿ ಹೊರನಡೆದು, ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು; ರಾಜಿಯಾದಾಗ ಉಳಿದವರು ‘ಜೆಫರ್ಸನ್’ ಎಂಬುದನ್ನು ಬಿಟ್ಟುಕೊಟ್ಟು ಬರಿಯ ಸ್ಟಾರ್‌ಶಿಪ್ ಆದರು. ‘ವಿ ಬಿಲ್ಟ್ ದಿಸ್ ಸಿಟಿ’ ಮೊದಲ ಸ್ಥಾನಕ್ಕೇರುವ ಹೊತ್ತಿಗೆ, ಏರ್‌ಪ್ಲೇನ್ ಕಾಲದವರೆಂದು ಅಲ್ಲಿ ಉಳಿದಿದ್ದವರು ಸ್ಲಿಕ್ ಒಬ್ಬರೇ.