ಬೊಟಾಕ್ಸ್, ಫಿಲ್ಲರ್ ಬಗ್ಗೆ ವಯಸ್ಸಾದ ಹೆಂಗಸರು ಏನಂತಾರೆ?

ಎಲ್ಲರೂ ಬೇಡ ಅನ್ನುತ್ತಾರೆ ಅಂದುಕೊಂಡರೆ ತಪ್ಪು. ಮಲ್ಲೇಶ್ವರದ ನಮ್ಮ ಮನೆಯಲ್ಲೇ ಎರಡು ಮಾತಿದೆ.

ಅಜ್ಜಿಗೆ 84. ಇವತ್ತಿಗೂ ಶುಕ್ರವಾರ ಕೆನ್ನೆಗೆ ಅರಿಶಿನ ಸವರಿ, ಕಡಲೆಹಿಟ್ಟು ಹಚ್ಚಿ ಮುಖ ತೊಳೆಯುತ್ತಾರೆ. ಬೊಟಾಕ್ಸ್ ಮಾತು ಬಂದರೆ "ನಕ್ಕರೆ ಮುಖವೆಲ್ಲಾ ನಗಬೇಕು ಕಣೇ, ಹಲ್ಲು ಮಾತ್ರ ಅಲ್ಲ" ಅನ್ನುತ್ತಾರೆ. ಅದರಲ್ಲಿ ನಿಜವಿದೆ. ಬೊಟಾಕ್ಸ್ ಅಂದರೆ ಮುಖಕ್ಕೆ ಚುಚ್ಚುವ ಔಷಧಿ, ಅದು ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನೇ ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ, ಸುಕ್ಕು ಕಡಿಮೆ ಕಾಣುತ್ತದೆ. ಹಣೆಗೆ ಜಾಸ್ತಿ ಹಾಕಿದರೆ ಹುಬ್ಬೂ ಸರಿಯಾಗಿ ಏಳುವುದಿಲ್ಲ. ಸಾಮಾನ್ಯವಾಗಿ 3-4 ತಿಂಗಳು ಇರುತ್ತದೆ, ಆಮೇಲೆ ಮತ್ತೆ ಸೂಜಿ. ಫಿಲ್ಲರ್ ಬೇರೆ, ಅದು ಚರ್ಮದ ಕೆಳಗೆ ತುಂಬುವ ಜೆಲ್.

ದೊಡ್ಡಮ್ಮನಿಗೆ 62. ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಾಕಿಸುತ್ತಾರೆ. "ನಿನ್ನ ಮುಖ, ನಿನ್ನ ದುಡ್ಡು. ಆದ್ರೆ ಪಾರ್ಲರ್‌ನಲ್ಲಿ ಬೇಡ, ಚರ್ಮದ ಡಾಕ್ಟರ್ ಹತ್ರ ಹೋಗು" ಅಂತ ಅವರ ಮಾತು. ಅವರಿಗೆ ಸಿಟ್ಟು ಬರುವುದು ಬೆಳ್ಳಗೆ ಮಾಡುವ ಕ್ರೀಮಿನ ಮೇಲೆ. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ಕಪ್ಪು" ಅಂದಿದ್ದು ಅವರಿಗೆ ಇನ್ನೂ ಮರೆತಿಲ್ಲ. ಆ ಕ್ರೀಮಿಗೆ ಹೆದರಲೂ ಕಾರಣವಿದೆ. ಲೇಬಲ್ ಸರಿಯಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿಗೆ ಕೆಟ್ಟದ್ದು. ನಾನು ಈ ವಿಷಯದಲ್ಲಿ ಪೂರ್ತಿ ದೊಡ್ಡಮ್ಮನ ಕಡೆ.