ಅಮ್ಮನ ಅಂಕ ಎಂಟು, ಕಾರಣ ಬೇರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಯಜಮಾನರು ತೀರಿಕೊಂಡಿದ್ದಾರೆ. "ಮಳೆಗಾಲದಲ್ಲಿ ಒಬ್ಬರೇ ಇರ್ತಾರೆ. ಬೆಂಗಳೂರಿಗೆ ಬರೋಕೆ ಒಪ್ಪಿಸಿ ಮೇಡಂ" ಅಂತ ಮಗ ಆಪ್ತ ಸಲಹೆಗೆ ನನ್ನ ಹತ್ತಿರ ಕರೆತಂದಿದ್ದರು.

ಒಂಟಿಯಾಗಿ ಇರುವುದು ಬೇರೆ, ಒಂಟಿತನ ಬೇರೆ. ಎರಡನ್ನೂ ಅಳೆದೆ. ಲಬ್ಬೆನ್ ಪ್ರಶ್ನಾವಳಿ ಜನರನ್ನು ಎಣಿಸುತ್ತದೆ: ತಿಂಗಳಿಗೊಮ್ಮೆಯಾದರೂ ಮಾತಾಡುವ ನೆಂಟರೆಷ್ಟು, ಗೆಳತಿಯರೆಷ್ಟು, ಕಷ್ಟಕ್ಕೆ ಯಾರನ್ನು ಕರೆಯಬಹುದು. ಆರು ಪ್ರಶ್ನೆ, 30 ಅಂಕ. 12ಕ್ಕಿಂತ ಕಡಿಮೆ ಬಂದರೆ ಚಿಂತಿಸಬೇಕು. ಅಮ್ಮನಿಗೆ 16 ಬಂತು.

ಇನ್ನೊಂದು, ಒಂಟಿತನ ಅಳೆಯುವ ಯುಸಿಎಲ್‌ಎ ಮಾಪನದ ಮೂರು ಪ್ರಶ್ನೆಗಳ ರೂಪ, 2004ರದ್ದು. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತಾ? ನಿಮ್ಮನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತಾ? ಎಲ್ಲರಿಂದ ದೂರ ಇದ್ದೀನಿ ಅನ್ನಿಸುತ್ತಾ? ಅಪರೂಪಕ್ಕಾದರೆ 1, ಕೆಲವೊಮ್ಮೆ ಆದರೆ 2, ಪದೇ ಪದೇ ಆದರೆ 3. ಒಟ್ಟು 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಗಮನ ಕೊಡುತ್ತೇವೆ. ಅಮ್ಮನದು 8.

ಜನ ಇದ್ದಾರೆ, ಆದರೂ ಯಾಕೆ ಇಷ್ಟು? ಅಂಕ ಅದನ್ನು ಹೇಳಲ್ಲ, ಕೇಳಬೇಕು.

"ಬಿಟ್ಟುಬಿಟ್ಟ ಹಾಗೆ ಕೊನೇ ಸಲ ಅನ್ನಿಸಿದ್ದು ಯಾವಾಗ ಅಮ್ಮ?"

"ಅಕ್ಕನ ಮೊಮ್ಮಗಳ ಮದುವೇಲಿ. ಎಲ್ಲರೂ ನಗ್ತಿದ್ರು, ನಾನೂ ನಕ್ಕೆ. ಯಾಕೆ ಅಂತ ಗೊತ್ತಾಗಲಿಲ್ಲ."

ಫೈಲನ್ನು ಬಾಯಿಗೆ ಅಡ್ಡ ಹಿಡಿದು, ಸಾಮಾನ್ಯ ದನಿಯಲ್ಲೇ "ಕಾಫಿ ಕುಡೀತೀರಾ?" ಅಂದೆ.

"ಹೂಂ, ಈ ಸಲ ಮಳೆ ಜಾಸ್ತಿ" ಅಂದರು.

ಮಗ ತಲೆ ತಗ್ಗಿಸಿದರು. ಫೋನಿನಲ್ಲಿ ಅಮ್ಮ "ಆಯ್ತು ಆಯ್ತು" ಅಂತ ಇಟ್ಟುಬಿಡುತ್ತಿದ್ದುದು ಬೇಜಾರಿಂದ ಅಂತ ಅವರು ತಿಳಿದಿದ್ದರು.

ನಿದ್ದೆ, ಹಸಿವು, ಬದುಕಿನ ಮೇಲಿನ ಆಸೆ ಹೇಗಿದೆ ಅಂತಲೂ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಹಾಗೇನಾದರೂ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಉಚಿತ ಅಂತ ಹೇಳಿದೆ.

ಕೊಟ್ಟ ಸಲಹೆ: ಮೊದಲು ಕಿವಿ ಡಾಕ್ಟರ್. ಬರೀ ಗುಗ್ಗೆ ಕಟ್ಟಿಕೊಂಡಿರಬಹುದು, ಇಲ್ಲದಿದ್ದರೆ ಶ್ರವಣ ಪರೀಕ್ಷೆ. ಬರೀ ಫೋನ್ ಬದಲು ವಿಡಿಯೋ ಕಾಲ್ ಮಾಡಿ, ತುಟಿ ಕಾಣಲಿ. ಕೂಗಬೇಡಿ, ನಿಧಾನವಾಗಿ ಮಾತಾಡಿ. ಬೆಂಗಳೂರಿನ ಮಾತು ಸದ್ಯ ಬೇಡ. ಆ 16 ಅಂಕ ಇಲ್ಲಿನ ಜನರದ್ದು. ಅದನ್ನು ಲಾರಿಯಲ್ಲಿ ಹೇರಿಕೊಂಡು ಫ್ಲಾಟಿಗೆ ಹೋಗೋಕಾಗಲ್ಲ, ಅಲ್ವಾ?

ಕಿವಿಗೆ ಯಂತ್ರ ಬಂದ ಮೇಲೆ ಮತ್ತೆ ಅದೇ ಮೂರು ಪ್ರಶ್ನೆ ಕೇಳಿದೆ. 8 ಇದ್ದದ್ದು 6ಕ್ಕೆ ಇಳಿದಿತ್ತು. ಮೊದಲ ಪ್ರಶ್ನೆಗೆ ಮಾತ್ರ ಆಗಲೂ 3 ಅಂದರು. ಅದು ಯಜಮಾನರು ಇಲ್ಲದ ನೋವು. ಈಗ ಅದರ ಬಗ್ಗೆ ಮಾತಾಡುತ್ತಿದ್ದೇವೆ.