ಟ್ರೊಂಬೋನ್ ವಾದಕರು ಕಾಯುವ ಹೊತ್ತು

ಪ್ರಶ್ನೆ: ಸಿಂಫನಿ ಆರ್ಕೆಸ್ಟ್ರಾವೊಂದರ ಮುಂದಿನ ಋತುವಿನ ಕಾರ್ಯಕ್ರಮಪಟ್ಟಿಯಲ್ಲಿ ಶಾಸ್ತ್ರೀಯ ಕಛೇರಿಗಳ ಜೊತೆಗೆ ‘ಪಾಪ್ಸ್’ ಕಛೇರಿಗಳೂ ಇವೆ. ಎರಡನ್ನೂ ಒಂದೇ ವೃಂದ ನುಡಿಸುವುದು ಹೊಸದೇ? ಮೊದಲ ಸಲ ಹೋಗುವವರು ಯಾವುದನ್ನು ಆರಿಸಬೇಕು?

ಉತ್ತರ: ಈ ರೂಢಿ ಹಳೆಯದು. 1881ರಲ್ಲಿ ಆರಂಭವಾದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1885ರಲ್ಲಿಯೇ ಲಘು ಸಂಗೀತದ ಕಛೇರಿಗಳನ್ನು ತೊಡಗಿಸಿತು. ಅವೇ ಮುಂದೆ ಬಾಸ್ಟನ್ ಪಾಪ್ಸ್ ಎಂದು ಹೆಸರಾದವು. ಚಲನಚಿತ್ರ ಸಂಗೀತ, ಪರಿಚಿತ ಚಿಕ್ಕ ಕೃತಿಗಳು ಇಂಥ ಕಛೇರಿಗಳಲ್ಲಿ ಹೆಚ್ಚು. ಹಗುರವೆಂದು ಮೂಗು ಮುರಿಯಬೇಕಿಲ್ಲ.

ಆದರೂ ನನ್ನ ಒಲವು ಶಾಸ್ತ್ರೀಯದ ಕಡೆಗೇ. ಪಟ್ಟಿಯಲ್ಲಿ ಬೀಥೋವನ್‌ನ ಐದನೆಯ ಸಿಂಫನಿ ಇದ್ದರೆ ಅದನ್ನೇ ಆರಿಸಿಕೊಳ್ಳಿ. 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡ ಈ ಕೃತಿಯ ನಾಲ್ಕು ಭಾಗಗಳ ಪೈಕಿ ಮೊದಲ ಮೂರರಲ್ಲಿ ಟ್ರೊಂಬೋನ್‌ಗಳಿಗೆ (ಹಿತ್ತಾಳೆಯ ಊದುವಾದ್ಯ) ಕೆಲಸವೇ ಇಲ್ಲ; ಮೂರನೆಯ ಭಾಗದ ಕೊನೆಯಲ್ಲಿ ಪಿಸುದನಿಗೆ ಇಳಿದ ತಂತಿವಾದ್ಯಗಳು ಟಿಂಪನಿ ಎಂಬ ದೊಡ್ಡ ನಗಾರಿಗಳ ಮೆಲುಬಡಿತದೊಂದಿಗೆ ಏರುತ್ತಾ, ಎಲ್ಲಿಯೂ ನಿಲ್ಲದೆ ನಾಲ್ಕನೆಯದಕ್ಕೆ ಸಿಡಿಯುವಾಗಲೇ ಆ ವಾದಕರು ವಾದ್ಯವನ್ನು ತುಟಿಗೇರಿಸುತ್ತಾರೆ. ಮನೆಯಲ್ಲಿ ಧ್ವನಿಮುದ್ರಣ ಕೇಳುವವರಿಗೆ ಈ ಕಾಯುವಿಕೆ ಕಾಣದು. ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು ಈಗಿನ ವಾಡಿಕೆಯಾದ್ದರಿಂದ, ಕೃತಿ ಮುಗಿದು ವೃಂದದ ನಿರ್ದೇಶಕರು ಕೈ ಇಳಿಸಿ ಸಭೆಯತ್ತ ತಿರುಗುವವರೆಗೆ ಕಾಯಿರಿ. ಪಾಪ್ಸ್‌ನಲ್ಲಿ ಈ ಕಟ್ಟುನಿಟ್ಟು ಅಷ್ಟಿಲ್ಲ.